ಒಂದು ಖಾತೆ, ಹಲವು ಜಾಲತಾಣ



ಇವತ್ತಿನ ವಿಷಯ ಸ್ವಲ್ಪ ತಾಂತ್ರಿಕ. ಹಾಗೆಂದು ರೇಡಿಯೋ ಆರಿಸಬೇಡಿ. ಹೋಂಸ್ಟೇ ನಡೆಸುವವರು, ತೋಟದ ಕಾಫಿಪುಡಿ, ಜೇನು, ಕಾಳುಮೆಣಸು, ಕಾಚಂಪುಳಿಯನ್ನು ಇಂಟರ್ನೆಟ್ಟಿನಲ್ಲಿ ಮಾರುವವರು, ಸಂಘದ್ದೋ ಶಾಲೆಯದ್ದೋ ಕೊಡವ ಮನೆತನವಾದ ಒಕ್ಕದ್ದೋ ವೆಬ್‌ಸೈಟ್ ನೋಡಿಕೊಳ್ಳುವವರು, ಇವರೆಲ್ಲರಿಗೂ ಬೇಕಾದ ಮಾತು ಇದು. ಸೈಟ್ ಕಟ್ಟಿಕೊಡುವ ಕೆಲಸದಲ್ಲಿರುವ ನನ್ನಂಥವರಿಗೆ ಈ ಬಗೆಯ ಫೋನು ಬರುವುದು ಸಾಮಾನ್ಯ:

‘ಅಣ್ಣಾ, ಸೈಟ್ ಹೋಗಿದೆ. ಪೂರ್ತಿ ಬಿಳಿ. ಒಂದಕ್ಷರ ಇಲ್ಲ.’

‘ಯಾವುದು ಅಕ್ಕಾ? ಹೋಂಸ್ಟೇದಾ, ಕಾಫಿಪುಡೀದಾ?’

‘ಹೋಂಸ್ಟೇದು ಬರ್ತಾ ಉಂಟು. ಕಾಫಿಪುಡೀದು ಹೋಗಿದೆ.’

‘ಯಾರಾದ್ರೂ ಏನಾದ್ರೂ ಬದಲಾಯಿಸಿದ್ರಾ?’

‘ಇಲ್ಲ ಅಣ್ಣ, ಎರಡು ವರ್ಷದಿಂದ ಯಾರೂ ಮುಟ್ಟೇ ಇಲ್ಲ.’

ಯಾರೂ ಮುಟ್ಟದೇ ಇದ್ದದ್ದೇ ಎಷ್ಟೋ ಸಲ ಕಾರಣವಾಗಿರುತ್ತದೆ. ಅದು ಹೇಗೆಂದು ನೋಡೋಣ.

ನಮ್ಮ ಬಹುಪಾಲು ಸೈಟುಗಳ ಅಡಿಯಲ್ಲಿ ಪಿಎಚ್‌ಪಿ ಎಂಬ ಸ್ಕ್ರಿಪ್ಟಿಂಗ್ ಭಾಷೆ ಇದೆ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವಂತ ಪುಟಕ್ಕೆಂದು ಮಾಡಿಕೊಂಡ ಸಣ್ಣ ಸಲಕರಣೆಗಳನ್ನು 1995ರ ಜೂನಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ಅದೇ ಬೆಳೆದು ಪಿಎಚ್‌ಪಿ ಆಯಿತು. ಅದರ ಮೇಲೆ 2003ರಲ್ಲಿ ಸೈಟ್ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ ಬಂತು. ಕನ್ನಡ ವಿಕಿಪೀಡಿಯ ನಿಂತಿರುವ ಮೀಡಿಯಾವಿಕಿ ತಂತ್ರಾಂಶ ಬರೆದದ್ದೂ ಪಿಎಚ್‌ಪಿಯಲ್ಲಿ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರುಮಾಡಿದ ‘ಸಂಪದ’ ಜಾಲತಾಣಕ್ಕೆ ಆಧಾರವಾದ ಡ್ರೂಪಲ್ ಕೂಡ ಪಿಎಚ್‌ಪಿಯದೇ ಕೂಸು. ಪೊನ್ನಂಪೇಟೆಯ ಹೋಂಸ್ಟೇಯ ಪುಟವನ್ನು ಬೆಂಗಳೂರಿನವರೊಬ್ಬರು ಮೊಬೈಲಿನಲ್ಲಿ ತೆರೆದಾಗ, ದೂರದ ಯಾವುದೋ ಸರ್ವರಿನಲ್ಲಿ ಪಿಎಚ್‌ಪಿ ಎದ್ದು, ಕೋಣೆ ಖಾಲಿ ಇದೆಯೇ, ದರ ಎಷ್ಟು ಎಂದು ದತ್ತಸಂಚಯದಲ್ಲಿ ಹುಡುಕಿ, ಪುಟ ಕಟ್ಟಿ ಕಳಿಸುತ್ತದೆ.

ಈ ಭಾಷೆಗೆ ಆವೃತ್ತಿಗಳಿವೆ. ಆಡುಮಾತಿನಲ್ಲಿ ವರ್ಷನ್ ಅನ್ನುತ್ತೇವೆ. ಪ್ರತಿ ವರ್ಷ ನವೆಂಬರ್, ಡಿಸೆಂಬರಿನ ಹೊತ್ತಿಗೆ ಹೊಸದೊಂದು ಬರುತ್ತದೆ. 2020ರಲ್ಲಿ 8.0, ಆಮೇಲೆ ವರ್ಷಕ್ಕೊಂದರಂತೆ 8.1, 8.2, 8.3, 8.4, 8.5 ಬಂದವು. ಹೊಸದು ಬಂದಾಗ ಹಳೆಯ ಕೆಲವು ಪದ್ಧತಿಗಳನ್ನು ತೆಗೆದುಹಾಕುತ್ತಾರೆ. ಆ ಹಳೆಯ ಪದ್ಧತಿಯನ್ನೇ ನಂಬಿ ಬರೆದ ಸೈಟು ಅಲ್ಲಿಗೆ ನಿಂತುಹೋಗುತ್ತದೆ.

ಇನ್ನು ಹೋಸ್ಟಿಂಗ್, ಅಂದರೆ ಸರ್ವರಿನಲ್ಲಿ ಸೈಟಿಗೆ ಜಾಗ. ನಮ್ಮಲ್ಲಿ ಹೆಚ್ಚಿನವರು ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಕೊಟ್ಟು ತೆಗೆದುಕೊಳ್ಳುವುದು ಶೇರ್ಡ್ ಹೋಸ್ಟಿಂಗ್. ಅಂದರೆ ಒಂದು ಸರ್ವರಿನಲ್ಲಿ ನೂರಾರು ಜನರ ಖಾತೆ. ತೋಟದ ಲೈನ್‌ಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಸಾಲು, ಒಂದೇ ಮಾಡು, ನೀರಿನ ಟ್ಯಾಂಕ್ ಎಲ್ಲರಿಗೂ ಒಂದೇ, ಬಾಗಿಲು ಮಾತ್ರ ಬೇರೆಬೇರೆ. ಖಾತೆ ಖಾತೆಗಳ ನಡುವೆ ಹೋಸ್ಟಿಂಗ್ ಕಂಪನಿ ಗಟ್ಟಿ ಗೋಡೆ ಕಟ್ಟಿರುತ್ತದೆ. ಆದರೆ ನಿಮ್ಮ ಒಂದೇ ಖಾತೆಯೊಳಗೆ ಮೂರು ಸೈಟುಗಳಿದ್ದರೆ ಅವುಗಳ ನಡುವೆ ಸಾಮಾನ್ಯವಾಗಿ ಗೋಡೆ ಇರುವುದಿಲ್ಲ. ಈ ಒಂದು ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಂದು ಕುಟುಂಬದ ಖಾತೆಯನ್ನು ಕಣ್ಮುಂದೆ ತಂದುಕೊಳ್ಳಿ. ಮೊದಲನೆಯದು ಹೋಂಸ್ಟೇ ಸೈಟ್, ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದು. ಎರಡನೆಯದು ಕಾಫಿಪುಡಿ ಮಾರುವ ಅಂಗಡಿ, ವರ್ಡ್‌ಪ್ರೆಸ್ ಜೊತೆಗೆ ಪ್ಲಗಿನ್ ಎಂಬ ಸೇರ್ಪಡೆ ತುಣುಕುಗಳು: ಅಂಗಡಿಗೆ ವೂಕಾಮರ್ಸ್, ಹಣ ಪಾವತಿಗೆ ಇನ್ನೊಂದು. ಮೂರನೆಯದು ಒಕ್ಕದ ಸೈಟ್. ಮನೆಯ ಹುಡುಗ 2012ರ ಸುಮಾರಿಗೆ ಕಾಲೇಜಿನಲ್ಲಿದ್ದಾಗ ಕೈಯಾರೆ ಬರೆದದ್ದು. ವಂಶಾವಳಿ, ಪೂರ್ವಿಕರ ಐನ್‌ಮನೆಯ ಫೋಟೋ, ಹಾಕಿ ಉತ್ಸವದಲ್ಲಿ ಆಡಿದ ತಂಡದ ವಿವರ ಎಲ್ಲ ಅದರಲ್ಲಿದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಬೆಳೆದದ್ದು ನಿಮಗೆ ಗೊತ್ತೇ ಇದೆ. ಅಂಥ ನೆನಪುಗಳನ್ನು ಅಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಆ ಹುಡುಗ ಆ ಕಾಲದ ಪುಸ್ತಕದಲ್ಲಿದ್ದಂತೆಯೇ ಬರೆದ. ದತ್ತಸಂಚಯಕ್ಕೆ ಕೈಚಾಚಲು ಮೈಎಸ್‌ಕ್ಯೂಎಲ್-ಕನೆಕ್ಟ್ ಎಂಬ ಆಜ್ಞೆ ಬಳಸಿದ. 2015ರ ಡಿಸೆಂಬರಿನಲ್ಲಿ ಪಿಎಚ್‌ಪಿ 7 ಬಂದಾಗ ಆ ಆಜ್ಞೆಯ ಇಡೀ ಕುಟುಂಬವನ್ನೇ ಕೈಬಿಟ್ಟರು. ಹಾಗಾಗಿ ಒಕ್ಕದ ಸೈಟ್ 5.6ರ ಆಚೆ ಕಾಲಿಡಲಾರದು. ಅತ್ತ ಕಾಫಿಪುಡಿ ಅಂಗಡಿಯ ಪ್ಲಗಿನ್‌ಗಳಿಗೆ 7.4ಕ್ಕಿಂತ ಕೆಳಗೆ ಉಸಿರಾಡಲು ಆಗುವುದಿಲ್ಲ. ವರ್ಡ್‌ಪ್ರೆಸ್ ಕೂಡ ಸುಮ್ಮನೆ ಕೂತಿಲ್ಲ. 2024ರ ಜುಲೈಯಲ್ಲಿ ಬಂದ ಅದರ 6.6ನೇ ಆವೃತ್ತಿ ಪಿಎಚ್‌ಪಿ 7.0, 7.1 ಎರಡನ್ನೂ ಬಿಟ್ಟಿತು. ಒಂದು ಸೈಟ್ ಹಿಂದಕ್ಕೆಳೆಯುತ್ತದೆ, ಇನ್ನೊಂದು ಮುಂದಕ್ಕೆಳೆಯುತ್ತದೆ. ಖಾತೆಗೆ ಒಂದೇ ವರ್ಷನ್ ಅಂದುಕೊಂಡವರು ಅತಿ ಹಳೆಯ ಸೈಟಿನ ನಡಿಗೆಗೆ ಮಿಕ್ಕೆಲ್ಲವನ್ನೂ ಕಟ್ಟಿಹಾಕುತ್ತಾರೆ.

ಕಟ್ಟಿಹಾಕಬೇಕಾದ ಅಗತ್ಯ ಈಗಿಲ್ಲ. ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್ ಸಿಪ್ಯಾನೆಲ್ ಆಗಿದ್ದರೆ ಅದರಲ್ಲಿ ಮಲ್ಟಿಪಿಎಚ್‌ಪಿ ಮ್ಯಾನೇಜರ್ ಎಂಬ ಗುಂಡಿ ಹುಡುಕಿ. ನಿಮ್ಮ ಡೊಮೇನ್‌ಗಳ ಪಟ್ಟಿ ತೆರೆಯುತ್ತದೆ, ಪ್ರತಿಯೊಂದರ ಎದುರು ಅದರ ವರ್ಷನ್ ಇರುತ್ತದೆ. ಡೊಮೇನ್‌ಗೆ ಟಿಕ್ ಹಾಕಿ, ಬೇಕಾದ ವರ್ಷನ್ ಆರಿಸಿ, ಅನ್ವಯಿಸಿ ಎಂದರೆ ಆಯಿತು. ಹೋಂಸ್ಟೇಗೆ 8.3, ಒಕ್ಕದ ಸೈಟಿಗೆ 5.6 ಎಂದು ಬೇರೆಬೇರೆ ಕೊಡಬಹುದು, ಕಂಪನಿ ಅಷ್ಟು ಹಳೆಯದನ್ನು ಇನ್ನೂ ಇಟ್ಟಿದ್ದರೆ. ಕೆಲವು ಕಡೆ ಕ್ಲೌಡ್‌ಲಿನಕ್ಸ್‌ನವರ ಸೆಲೆಕ್ಟ್ ಪಿಎಚ್‌ಪಿ ವರ್ಷನ್ ಎಂಬ ಇನ್ನೊಂದು ಗುಂಡಿ ಇರುತ್ತದೆ. ಸಾಮಾನ್ಯವಾಗಿ ಅದು ಇಡೀ ಖಾತೆಗೆ ಅನ್ವಯ. ಎರಡೂ ಇದ್ದರೆ ಯಾವುದರ ಮಾತು ನಡೆಯುತ್ತದೆ ಎಂದು ಕಂಪನಿಯ ಸಹಾಯವಾಣಿಯನ್ನೇ ಕೇಳಿಬಿಡಿ.

ಆ ಪಟ್ಟಿಯಲ್ಲಿ ಕೆಲವು ಡೊಮೇನ್‌ಗಳ ಎದುರು ‘ಇನ್‌ಹೆರಿಟ್’ ಎಂದಿರುತ್ತದೆ. ಅಂದರೆ ಈ ಸೈಟಿಗೆ ಸ್ವಂತ ಆಯ್ಕೆ ಇಲ್ಲ, ಕಂಪನಿ ಇಟ್ಟದ್ದೇ ಇದಕ್ಕೂ. ಕಂಪನಿ ಒಂದು ರಾತ್ರಿ ತನ್ನ ಮೂಲ ವರ್ಷನ್ ಅನ್ನು 7.4ರಿಂದ 8.1ಕ್ಕೆ ಏರಿಸಿದರೆ ಈ ಸೈಟೂ ಅದರ ಜೊತೆ ಏರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಬಿಳಿ ಪುಟ. ‘ಯಾರೂ ಮುಟ್ಟಿಲ್ಲ’ ಎನ್ನುವವರ ಸೈಟು ಕೆಡುವುದು ಹೆಚ್ಚಾಗಿ ಹೀಗೆ. ಕಂಪನಿಯವರು ಮುಂಚೆ ಮೇಲ್ ಕಳಿಸಿಯೇ ಇರುತ್ತಾರೆ. ಅದು ಹೋಗಿರುವುದು ಸೈಟ್ ಮಾಡಿಕೊಟ್ಟು ಈಗ ಬೆಂಗಳೂರಿನಲ್ಲಿ ಬೇರೆ ಕೆಲಸಕ್ಕೆ ಸೇರಿರುವ ಹುಡುಗನ ವಿಳಾಸಕ್ಕೆ. ವರ್ಡ್‌ಪ್ರೆಸ್ 2019ರ ಮೇ ತಿಂಗಳಲ್ಲಿ ಬಂದ 5.2ರಿಂದ ಒಂದು ಒಳ್ಳೆಯ ವ್ಯವಸ್ಥೆ ಮಾಡಿದೆ. ಪ್ಲಗಿನ್ ಕೈಕೊಟ್ಟು ಸೈಟ್ ಬಿದ್ದರೆ ನಿರ್ವಾಹಕರಿಗೆ ಮೇಲ್ ಕಳಿಸಿ, ಹಿಂಬಾಗಿಲಿನಿಂದ ಒಳಹೋಗಲು ಕೊಂಡಿ ಕೊಡುತ್ತದೆ. ಆ ಮೇಲ್ ಕೂಡ ಅದೇ ಹುಡುಗನಿಗೇ ಹೋಗುತ್ತದೆ. ಆದ್ದರಿಂದ ಉಳಿದ ಎಲ್ಲ ಕೆಲಸಕ್ಕಿಂತ ಮೊದಲು, ಹೋಸ್ಟಿಂಗ್ ಖಾತೆಯಲ್ಲೂ ವರ್ಡ್‌ಪ್ರೆಸ್‌ನಲ್ಲೂ ಇರುವ ಇಮೇಲ್ ವಿಳಾಸ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಿ.

‘ಸೈಟ್ ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ಹಳೆಯದರಲ್ಲೇ ಇರಲಿ ಬಿಡಿ’ ಎನ್ನುವವರಿದ್ದಾರೆ. ಅವರಿಗೆ ಉತ್ತರ ಭದ್ರತೆಯದ್ದು. ಪಿಎಚ್‌ಪಿಯ 8.1 ಮತ್ತು ಆಮೇಲಿನ ಪ್ರತಿ ಆವೃತ್ತಿಗೂ ಎರಡು ವರ್ಷ ಪೂರ್ಣ ಬೆಂಬಲ, ಮತ್ತೆರಡು ವರ್ಷ ಭದ್ರತಾ ದುರಸ್ತಿ ಮಾತ್ರ. ಆಮೇಲೆ ಏನೂ ಇಲ್ಲ. 5.6ರ ಕಾಲ 2018ರ ಕೊನೆಗೇ ಮುಗಿಯಿತು. 7.4ರದ್ದು 2022ರ ನವೆಂಬರಿನಲ್ಲಿ, 8.0ರದ್ದು 2023ರ ನವೆಂಬರಿನಲ್ಲಿ ಮುಗಿಯಿತು. 8.1ಕ್ಕೆ 2025ರ ಡಿಸೆಂಬರ್ 31 ಕೊನೆಯ ದಿನ. 8.2ಕ್ಕೆ 2026, 8.3ಕ್ಕೆ 2027, 8.4ಕ್ಕೆ 2028, ಎಲ್ಲವಕ್ಕೂ ಅದೇ ಡಿಸೆಂಬರ್ 31.

ದುರಸ್ತಿ ನಿಂತರೆ ಏನಾಗುತ್ತದೆ ಎನ್ನುವುದಕ್ಕೆ 2024ರ ಜೂನ್ ಸಾಕ್ಷಿ. ವಿಂಡೋಸ್ ಸರ್ವರುಗಳಲ್ಲಿ ಓಡುವ ಪಿಎಚ್‌ಪಿಯಲ್ಲಿ, ಹೊರಗಿನವರು ಒಳನುಗ್ಗಿ ಆಜ್ಞೆ ನಡೆಸಬಹುದಾದ ದೋಷವೊಂದು ಹೊರಬಿತ್ತು. 8.1, 8.2, 8.3ಕ್ಕೆ ತಿದ್ದುಪಡಿ ಬಂತು. 8.0ಕ್ಕೆ, 7ಕ್ಕೆ, 5ಕ್ಕೆ ಬರಲಿಲ್ಲ, ಅವುಗಳ ಅವಧಿ ಮುಗಿದಿತ್ತು. ದಾಳಿಕೋರರು ದಿನಗಳಲ್ಲೇ ಆ ದಾರಿ ಹಿಡಿದರು. ನಮ್ಮ ಶೇರ್ಡ್ ಹೋಸ್ಟಿಂಗ್ ಬಹುಪಾಲು ಲಿನಕ್ಸ್ ಮೇಲಿರುವುದರಿಂದ ಆ ಒಂದು ಏಟು ನಮಗೆ ತಟ್ಟುವಂಥದ್ದಲ್ಲ. ಆದರೆ ಅವಧಿ ಮುಗಿದ ವರ್ಷನ್‌ಗೆ ಹೊಸ ಕಾಯಿಲೆ ಬಂದರೆ ಔಷಧ ಇಲ್ಲ ಎನ್ನುವ ನಿಯಮ ಎಲ್ಲ ಕಡೆಯೂ ಒಂದೇ.

ಆಗ ಹೇಳಿದ್ದ ಗೋಡೆಯ ವಿಷಯ ಇಲ್ಲಿ ಮುಖ್ಯವಾಗುತ್ತದೆ. ಒಂದೇ ಖಾತೆಯ ಸೈಟುಗಳ ನಡುವೆ ಗೋಡೆ ಇಲ್ಲ ಎಂದೆ. ಒಕ್ಕದ ಹಳೆಯ ಸೈಟಿನ ತೂತಿನಿಂದ ಒಳಬಂದವನು ಅಲ್ಲಿಂದ ಹೋಂಸ್ಟೇ ಸೈಟಿನ ಫೋಲ್ಡರಿಗೆ ಸಲೀಸಾಗಿ ದಾಟಬಹುದು. ಹೋಂಸ್ಟೇ ಸೈಟ್ 8.4ರಲ್ಲಿದ್ದರೂ ಅಷ್ಟೆ. ಅಲ್ಲಿ ಅತಿಥಿಗಳ ಫೋನ್ ನಂಬರ್ ಇರುತ್ತದೆ, ಬುಕಿಂಗ್ ಫಾರಂನಲ್ಲಿ ಅವರು ಹಾಕಿದ ಆಧಾರ್ ಪ್ರತಿಯೂ ಇರಬಹುದು. ಸಂಸತ್ತು 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಕಾಯ್ದೆ ಮಾಡಿದೆ. ಹಾಗಾಗಿ ಬೇರೆಬೇರೆ ವರ್ಷನ್ ಕೊಡುವ ಅನುಕೂಲವನ್ನು ಹಳೆಯದನ್ನು ಕಾಯಂ ಸಾಕಿಕೊಳ್ಳಲು ಬಳಸಬಾರದು. ಒಂದೊಂದನ್ನೇ ಮೇಲಕ್ಕೆ ದಾಟಿಸುವಾಗ ಉಳಿದವು ಕೆಡದಂತೆ ಕಾಪಾಡಲು ಬಳಸಬೇಕು. ಇವತ್ತು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ದಾಟಿಸುವುದು ಯಾವಾಗ? ಪಿಎಚ್‌ಪಿಯ ಕ್ಯಾಲೆಂಡರ್ ಮಾಡಿದವರಿಗೆ ಕೊಡಗಿನ ಕ್ಯಾಲೆಂಡರ್ ಗೊತ್ತಿರಲಿಲ್ಲ. ಹೊಸ ಆವೃತ್ತಿ ಬರುವ ನವೆಂಬರ್, ಡಿಸೆಂಬರ್ ನಮಗೆ ಅರೇಬಿಕಾ ಕುಯ್ಲಿನ, ಪುತ್ತರಿ ಹಬ್ಬದ ಕಾಲ. ಹಳೆಯದರ ಬೆಂಬಲ ಮುಗಿಯುವ ಡಿಸೆಂಬರ್ 31ರ ರಾತ್ರಿ ಹೋಂಸ್ಟೇಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ವಾರ ಸೈಟ್ ಮುಟ್ಟುವುದು ಬುದ್ಧಿವಂತಿಕೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೇಸಿಗೆ ರಜೆಯ ಗದ್ದಲ. ನನ್ನ ಪ್ರಕಾರ ಸರಿಯಾದ ಕಾಲ ಜೂನ್ ಎರಡನೇ ವಾರದಿಂದ ಕಕ್ಕಡ ತಿಂಗಳು ಮುಗಿಯುವವರೆಗೆ. ಬುಕಿಂಗ್ ಕಡಿಮೆ, ತೋಟದಲ್ಲೂ ಕುಯ್ಲಿನ ಒತ್ತಡ ಇಲ್ಲ, ಡಿಸೆಂಬರಿನ ಗಡುವಿಗೆ ಇನ್ನೂ ತಿಂಗಳುಗಳಿರುತ್ತವೆ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಶುರುಮಾಡಿ, ಶುಕ್ರವಾರ ಬೇಡ.

ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ನೆಟ್ ಬಿಡುತ್ತದೆ ಎನ್ನುತ್ತೀರಿ. ನಿಜ. ಅದಕ್ಕೆ ಕೆಲಸ ಮಾಡುವ ರೀತಿಯನ್ನೇ ಬದಲಿಸಿಕೊಳ್ಳಬೇಕು. ನಮ್ಮ ಲ್ಯಾಪ್‌ಟಾಪಿಗೆ ಸಾವಿರಾರು ಫೈಲುಗಳನ್ನು ಒಂದೊಂದಾಗಿ ಇಳಿಸಿ, ತಿದ್ದಿ, ಮತ್ತೆ ಏರಿಸಲು ಹೋದರೆ ನಡುವೆ ನೆಟ್ ತುಂಡಾಗಿ ಅರ್ಧ ಹಳೆಯದು, ಅರ್ಧ ಹೊಸದು ಉಳಿಯುತ್ತದೆ. ನಕಲು ಮಾಡುವುದು, ಜಿಪ್ ಕಟ್ಟುವುದು, ಬಿಚ್ಚುವುದು ಎಲ್ಲವನ್ನೂ ಕಂಟ್ರೋಲ್ ಪ್ಯಾನೆಲ್‌ನ ಫೈಲ್ ಮ್ಯಾನೇಜರ್‌ನಲ್ಲೇ ಮಾಡಿ. ಫೈಲುಗಳು ಸರ್ವರಿನೊಳಗೇ ಓಡಾಡುತ್ತವೆ, ನಮ್ಮ ತಂತಿಯ ಮೇಲೆ ಹಾಯುವುದಿಲ್ಲ. ಸೋಮವಾರಪೇಟೆಯಲ್ಲಿ ಕರೆಂಟ್ ಹೋದರೂ ಸರ್ವರಿಗೇನೂ ತೊಂದರೆ ಇಲ್ಲ.

ಈಗ ಕೆಲಸದ ಕ್ರಮ. ಮೊದಲು ಒಂದು ನೋಟ್ ಪುಸ್ತಕ. ಪ್ರತಿ ಸೈಟಿಗೆ ಒಂದು ಪುಟ. ಡೊಮೇನ್ ಯಾವುದು, ಯಾವ ಫೋಲ್ಡರಿನಲ್ಲಿದೆ, ಯಾವ ತಂತ್ರಾಂಶ, ಈಗಿನ ಪಿಎಚ್‌ಪಿ ಎಷ್ಟು, ಯಾವ ಪ್ಲಗಿನ್‌ಗಳು, ಮಾಡಿದವರು ಯಾರು, ನವೀಕರಣ ಯಾವ ತಿಂಗಳು. ವರ್ಡ್‌ಪ್ರೆಸ್ ಆದರೆ ಪರಿಕರಗಳ ಅಡಿಯ ಸೈಟ್ ಹೆಲ್ತ್‌ನಲ್ಲಿ ಸರ್ವರ್ ಎಂಬ ಭಾಗ ತೆರೆದರೆ ನಿಜವಾಗಿ ಓಡುತ್ತಿರುವ ವರ್ಷನ್ ಕಾಣುತ್ತದೆ. ಪ್ಯಾನೆಲ್ ಒಂದು ಹೇಳಿ ಸೈಟ್ ಇನ್ನೊಂದು ಹೇಳಿದರೆ ಸೈಟ್ ಹೇಳುವುದನ್ನೇ ನಂಬಿ.

ಹಾಗೆ ವ್ಯತ್ಯಾಸ ಬರುವುದೇಕೆ? ಹಲವರ ಖಾತೆಯಲ್ಲಿ ಮೊದಲ ಸೈಟ್ ಪಬ್ಲಿಕ್-ಎಚ್‌ಟಿಎಂಎಲ್ ಫೋಲ್ಡರಿನಲ್ಲಿರುತ್ತದೆ, ಆಮೇಲೆ ಸೇರಿಸಿದ ಸೈಟುಗಳನ್ನು ಅದರ ಹೊಟ್ಟೆಯೊಳಗೇ ಇಟ್ಟಿರುತ್ತಾರೆ. ವರ್ಷನ್ ಆರಿಸಿದಾಗ ಪ್ಯಾನೆಲ್ ಡಾಟ್-ಎಚ್‌ಟಿ-ಆಕ್ಸೆಸ್ ಎಂಬ ಪುಟ್ಟ ಫೈಲಿನಲ್ಲಿ ಒಂದು ಸಾಲು ಬರೆದಿಡುತ್ತದೆ. ಆ ಫೈಲಿನ ಮಾತು ತನ್ನ ಫೋಲ್ಡರಿಗಷ್ಟೇ ಅಲ್ಲ, ಒಳಗಿನ ಎಲ್ಲ ಫೋಲ್ಡರಿಗೂ ನಡೆಯುತ್ತದೆ. ಒಳಗಿನ ಸೈಟಿಗೆ ತನ್ನದೇ ಸಾಲು ಇಲ್ಲದಿದ್ದರೆ ಹೊರಗಿನದ್ದರ ವರ್ಷನ್ ಅದಕ್ಕೂ ಬರುತ್ತದೆ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುವ ಒಗಟು ಎಷ್ಟೋ ಸಲ ಇಷ್ಟೇ. ಹೊಸ ಸೈಟ್ ಸೇರಿಸುವಾಗ ಅದರ ಫೋಲ್ಡರನ್ನು ಪಬ್ಲಿಕ್-ಎಚ್‌ಟಿಎಂಎಲ್‌ನ ಪಕ್ಕದಲ್ಲಿ ಇಡಿ, ಒಳಗೆ ಬೇಡ.

ಆಮೇಲೆ ಬ್ಯಾಕಪ್. ಫೈಲುಗಳದ್ದೊಂದು, ದತ್ತಸಂಚಯದ್ದೊಂದು. ಎರಡನ್ನೂ ಹೋಸ್ಟಿಂಗ್‌ನಿಂದ ಇಳಿಸಿ ಮನೆಯ ಪೆನ್‌ಡ್ರೈವಿನಲ್ಲೂ ಇಡಿ. ಅದಾದ ಮೇಲೆ ಒಂದು ಉಪಡೊಮೇನ್ ಮಾಡಿ ಸೈಟಿನ ನಕಲನ್ನು ಅಲ್ಲಿ ನಿಲ್ಲಿಸಿ. ನಕಲಿಗೆ ಪಾಸ್‌ವರ್ಡ್ ಹಾಕಿ, ಅದರಲ್ಲಿ ಹಣ ಪಾವತಿಯನ್ನು ಪರೀಕ್ಷಾ ಸ್ಥಿತಿಗೆ ತನ್ನಿ. ವರ್ಡ್‌ಪ್ರೆಸ್ಸನ್ನು, ಥೀಮನ್ನು, ಪ್ಲಗಿನ್‌ಗಳನ್ನು ಮೊದಲು ನವೀಕರಿಸಿ, ಪಿಎಚ್‌ಪಿಯನ್ನು ಕೊನೆಗೆ ಏರಿಸಿ. ಈ ಕ್ರಮ ತಿರುವುಮುರುವಾದರೆ ಹಳೆಯ ಪ್ಲಗಿನ್ ಹೊಸ ಪಿಎಚ್‌ಪಿಯ ಮೇಲೆ ಕುಸಿದು, ನವೀಕರಿಸಲು ಒಳಹೋಗುವುದೂ ಕಷ್ಟವಾಗಬಹುದು. ಈಗಿರುವ ಪಿಎಚ್‌ಪಿ ತೀರಾ ಹಳೆಯದಾಗಿ ಹೊಸ ವರ್ಡ್‌ಪ್ರೆಸ್ ಅದರ ಮೇಲೆ ಕೂರದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ: 5.6ರಿಂದ 7.4, ಅಲ್ಲಿ ಎಲ್ಲ ಸರಿಮಾಡಿಕೊಂಡು 8ರ ಸರಣಿಗೆ.

ಈಗ ನಕಲನ್ನು ಪರೀಕ್ಷಿಸಬೇಕು. ಕೇಡು ಎರಡು ಬಗೆಯದು. ಒಂದು ಕೂಗುವ ಕೇಡು. ಬಿಳಿ ಪುಟ, ದೋಷದ ಸಂದೇಶ. ಇದಕ್ಕೆ ಹೆದರಬೇಡಿ. ಫೋಲ್ಡರಿನಲ್ಲಿ ಎರರ್-ಲಾಗ್ ಎಂಬ ಫೈಲ್ ಇರುತ್ತದೆ. ಅದರ ಕೊನೆಯ ಸಾಲಿನಲ್ಲಿ ಯಾವ ಪ್ಲಗಿನ್, ಯಾವ ಫೈಲ್, ಎಷ್ಟನೇ ಸಾಲು ಎಂದು ಬರೆದಿರುತ್ತದೆ. ಆ ಸಾಲನ್ನು ನಕಲಿಸಿ ಗೊತ್ತಿರುವವರಿಗೆ ಕಳಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ‘ಸೈಟ್ ಬರ್ತಾ ಇಲ್ಲ’ ಎಂಬ ವಾಟ್ಸಾಪ್ ಮೆಸೇಜಿಗಿಂತ ಅದು ಎಷ್ಟೋ ಮೇಲು.

ಎರಡನೆಯದು ಸದ್ದಿಲ್ಲದ ಕೇಡು. ಇದು ಅಪಾಯ. ಒಂದು ಉದಾಹರಣೆ. ಪಿಎಚ್‌ಪಿ 7ರವರೆಗೆ ಸೊನ್ನೆ ಎಂಬ ಅಂಕಿಯನ್ನೂ ‘ಇಲ್ಲ’ ಎಂಬ ಪದವನ್ನೂ ಹೋಲಿಸಿದರೆ ಎರಡೂ ಸಮ ಎನ್ನುತ್ತಿತ್ತು, ಪದವನ್ನು ಅಂಕಿಯಾಗಿಸಲು ಹೋಗಿ ಸೊನ್ನೆ ಮಾಡಿಕೊಳ್ಳುತ್ತಿತ್ತು. 8ರಲ್ಲಿ ಇದನ್ನು ತಿದ್ದಿದರು, ಈಗ ಸಮ ಅಲ್ಲ ಎನ್ನುತ್ತದೆ. ತಿದ್ದಿದ್ದು ಒಳ್ಳೆಯದೇ. ಆದರೆ ಕೈಬರಹದ ಬುಕಿಂಗ್ ಪುಟವೊಂದು, ಉಳಿದ ಕೋಣೆ ಲೆಕ್ಕ ಹಾಕಿ ಸೊನ್ನೆ ಬಂದಾಗ ಈ ಹಳೆಯ ಹೋಲಿಕೆಯ ಬಲದ ಮೇಲೆ ‘ಕೋಣೆ ಖಾಲಿ ಇಲ್ಲ’ ಎಂದು ತೋರಿಸುತ್ತಿದ್ದರೆ, 8ಕ್ಕೆ ಹೋದ ದಿನದಿಂದ ಆ ಸಂದೇಶ ಬರುವುದಿಲ್ಲ. ಪುಟ ಚಂದವಾಗಿಯೇ ಇರುತ್ತದೆ, ಲಾಗ್‌ನಲ್ಲಿ ಏನೂ ಇರುವುದಿಲ್ಲ, ಒಂದೇ ಕೋಣೆಗೆ ಎರಡು ಕುಟುಂಬ ಬಂದು ಅಂಗಳದಲ್ಲಿ ನಿಲ್ಲುತ್ತವೆ. ಆದ್ದರಿಂದ ಮುಖಪುಟ ತೆರೆದುಕೊಂಡಿತು ಎಂದು ಸಮಾಧಾನಪಡಬೇಡಿ. ನೀವೇ ಅತಿಥಿಯಾಗಿ ಒಂದು ಬುಕಿಂಗ್ ಮಾಡಿ. ತುಂಬಿದ ದಿನಕ್ಕೂ ಒಂದು ಮಾಡಿ ನೋಡಿ. ಮೇಲ್ ಬಂತೇ, ಮೊತ್ತ ಸರಿಯೇ ಎಂದು ಗಮನಿಸಿ.

ಕನ್ನಡದ ಸೈಟುಗಳಿಗೆ ಇನ್ನೊಂದು ಪರೀಕ್ಷೆ ಇದೆ. ಪಿಎಚ್‌ಪಿ 5 ಆದ ಮೇಲೆ 6 ಬರಬೇಕಿತ್ತು. ಯೂನಿಕೋಡನ್ನು ಭಾಷೆಯ ಒಡಲಿಗೇ ಸೇರಿಸುವುದು ಅದರ ದೊಡ್ಡ ಆಸೆಯಾಗಿತ್ತು. ಆ ಕೆಲಸ ಕೈಹತ್ತದೆ 2010ರಲ್ಲಿ ಕೈಬಿಟ್ಟರು, ಮುಂದೆ ನೇರ 7ಕ್ಕೆ ಹೋದರು. ಅದರ ಫಲವನ್ನು ನಾವು ಈಗಲೂ ಉಣ್ಣುತ್ತಿದ್ದೇವೆ. ‘ಕೊಡಗು’ ಎಂಬ ಮೂರಕ್ಷರದ ಉದ್ದವನ್ನು ಪಿಎಚ್‌ಪಿಯ ಸಾದಾ ಆಜ್ಞೆಗೆ ಕೇಳಿದರೆ 15 ಎನ್ನುತ್ತದೆ. ಕ, ಒ ಸ್ವರದ ಚಿಹ್ನೆ, ಡ, ಗ, ಕೊಂಬು ಎಂದು ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟ್. ಎಂಬಿಸ್ಟ್ರಿಂಗ್ ಎಂಬ ವಿಸ್ತರಣೆಯ ಆಜ್ಞೆ 5 ಎನ್ನುತ್ತದೆ. ಇಂಟ್ಲ್ ಎಂಬ ವಿಸ್ತರಣೆಯನ್ನು ಕೇಳಿದರಷ್ಟೇ ನಮ್ಮ ಲೆಕ್ಕದ 3 ಸಿಗುತ್ತದೆ. ಇವೆಲ್ಲ ವಿಸ್ತರಣೆಗಳು. ಕೆಲವು ಪ್ಯಾನೆಲ್‌ಗಳಲ್ಲಿ ಪ್ರತಿ ವರ್ಷನ್‌ಗೂ ಪ್ರತ್ಯೇಕವಾಗಿ ಟಿಕ್ ಹಾಕಬೇಕು. 7.4ರಲ್ಲಿ ಹಾಕಿದ್ದ ಟಿಕ್ 8.3ರಲ್ಲಿ ಇರಲೇಬೇಕೆಂದಿಲ್ಲ. ವರ್ಷನ್ ಬದಲಿಸುವ ಮೊದಲು ಹಳೆಯದರ ವಿಸ್ತರಣೆಗಳ ಪಟ್ಟಿ ಬರೆದುಕೊಂಡು, ಹೊಸದರಲ್ಲೂ ಅವೇ ಇವೆಯೇ ಎಂದು ತಾಳೆ ನೋಡಿ.

ನುಡಿ ಅಥವಾ ಬರಹದ ಹಳೆಯ ಫಾಂಟಿನ ಅಕ್ಷರಗಳನ್ನು ಹಾಗೆಯೇ ತುಂಬಿಸಿಟ್ಟ ಸೈಟುಗಳು ಇನ್ನೂ ಅಲ್ಲಲ್ಲಿ ಇವೆ. ಅವುಗಳ ಒಡೆಯರು ಹೆಚ್ಚು ಎಚ್ಚರ ವಹಿಸಬೇಕು. 2012ರಲ್ಲಿ ಬಂದ 5.4ರಿಂದ, ಪುಟಕ್ಕೆ ಅಕ್ಷರ ಬರೆಯುವ ಮುಂಚೆ ಅದನ್ನು ಸೋಸುವ ಆಜ್ಞೆಯೊಂದು ಎಲ್ಲವೂ ಯೂನಿಕೋಡಿನ ಯುಟಿಎಫ್-8 ಎಂದೇ ಭಾವಿಸುತ್ತದೆ. ಅಲ್ಲದ್ದು ಸಿಕ್ಕರೆ 8.1ಕ್ಕಿಂತ ಮುಂಚಿನ ವರ್ಷನ್‌ಗಳು ಇಡೀ ಪ್ಯಾರಾವನ್ನೇ ಖಾಲಿಯಾಗಿ ಹಿಂದಿರುಗಿಸುತ್ತವೆ. ತಲೆಬರಹ ಇದೆ, ಚಿತ್ರ ಇದೆ, ಬರಹ ಮಾಯ. ಇಂಥ ಸೈಟನ್ನು ವರ್ಷನ್ ಏರಿಸುವ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಲೇಬೇಕು.

ನಕಲಿನಲ್ಲಿ ಎಲ್ಲ ಸರಿ ಕಂಡ ಮೇಲೆ ನಿಜವಾದ ಸೈಟಿನ ವರ್ಷನ್ ಬದಲಿಸಿ. ಒಂದು ದಿನಕ್ಕೆ ಒಂದೇ ಸೈಟ್. ಏನಾದರೂ ಎಡವಟ್ಟಾದರೆ ಅದೇ ಗುಂಡಿಯಿಂದ ಹಳೆಯ ವರ್ಷನ್‌ಗೆ ಹಿಂದಿರುಗಬಹುದು, ಅದಕ್ಕೆ ನಿಮಿಷ ಸಾಕು. ಒಂದು ಮೂಲೆ ಮಾತ್ರ ಮರೆಯಬೇಡಿ. ರಾತ್ರಿ ಹೊತ್ತು ತಾನಾಗಿ ಓಡುವ ಕ್ರಾನ್ ಕೆಲಸಗಳಿದ್ದರೆ, ಉದಾಹರಣೆಗೆ ಬುಕಿಂಗ್ ನೆನಪೋಲೆ ಕಳಿಸುವುದು, ಅವು ಸೈಟಿನ ವರ್ಷನ್ ಅನ್ನು ಅನುಸರಿಸಲೇಬೇಕೆಂದಿಲ್ಲ. ಕ್ರಾನ್ ಸಾಲಿನಲ್ಲಿ ಬರೆದಿರುವ ಪಿಎಚ್‌ಪಿಯ ಹಾದಿ ಯಾವುದೋ ಅದೇ ಓಡುತ್ತದೆ. ಹೊಸ ವರ್ಷನ್‌ನ ಹಾದಿಯನ್ನು ಕಂಪನಿಯಿಂದ ಕೇಳಿ ಅಲ್ಲಿಯೂ ತಿದ್ದಿ.

ಇಷ್ಟೆಲ್ಲ ಎಚ್ಚರಿಕೆ ದೊಡ್ಡವರಿಗೂ ಬೇಕಾಗಿದೆ. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆ 2014ರಲ್ಲಿ ಫೇಸ್‌ಬುಕ್ ರೂಪಿಸಿದ ಎಚ್‌ಎಚ್‌ವಿಎಂ ಎಂಬ ಬೇರೊಂದು ಎಂಜಿನ್‌ಗೆ ಹೋಗಿ, 2019ರಲ್ಲಿ ಮರಳಿ ಪಿಎಚ್‌ಪಿ 7.2ಕ್ಕೆ ಬಂತು. ಕನ್ನಡವೂ ಸೇರಿ ನೂರಾರು ಭಾಷೆಯ ವಿಕಿಗಳನ್ನು ಒಂದೇ ರಾತ್ರಿ ಬದಲಿಸಲಿಲ್ಲ. ಬಳಕೆದಾರರಲ್ಲಿ ಸಣ್ಣ ಪಾಲನ್ನು ಮೊದಲು ಹೊಸದಕ್ಕೆ ಕಳಿಸಿ, ತೊಂದರೆ ಕಾಣದಿದ್ದರೆ ಪಾಲು ಹೆಚ್ಚಿಸುತ್ತ ಹೋದರು. ನಮ್ಮ ಮೂರು ಸೈಟುಗಳಿಗೂ ಅದೇ ನೀತಿ ಒಪ್ಪುತ್ತದೆ.

ಉಳಿದದ್ದು ಒಕ್ಕದ ಹಳೆಯ ಸೈಟ್. ಬರೆದ ಹುಡುಗನಿಗೆ ಈಗ ಪುರುಸೊತ್ತಿಲ್ಲ, ಬೇರೆಯವರಿಂದ ಹೊಸದಾಗಿ ಬರೆಸಲು ದುಡ್ಡು ಬೇಕು. ಅದರಲ್ಲಿ ದಿನಾ ಬದಲಾಗುವಂಥದ್ದು ಏನಿದೆ ಎಂದು ಒಮ್ಮೆ ಕೇಳಿಕೊಳ್ಳಿ. ವಂಶಾವಳಿ, ಫೋಟೋ, ಹಳೆಯ ಪಂದ್ಯಗಳ ಫಲಿತಾಂಶ, ಯಾವುದೂ ಬದಲಾಗುವುದಿಲ್ಲ. ಅಂದ ಮೇಲೆ ಅದಕ್ಕೆ ಪಿಎಚ್‌ಪಿಯೇ ಬೇಡ. ಎಚ್‌ಟಿಟ್ರ್ಯಾಕ್ ಅಥವಾ ಡಬ್ಲ್ಯುಗೆಟ್‌ನಂಥ ಉಚಿತ ತಂತ್ರಾಂಶದಿಂದ ಇಡೀ ಸೈಟನ್ನು ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ಇಳಿಸಿಕೊಳ್ಳಬಹುದು. ವರ್ಡ್‌ಪ್ರೆಸ್ ಆದರೆ ಸಿಂಪ್ಲಿ ಸ್ಟ್ಯಾಟಿಕ್ ಎಂಬ ಪ್ಲಗಿನ್ ಇದೆ. ಆ ಪುಟಗಳನ್ನು ಅದೇ ವಿಳಾಸದಲ್ಲಿ ಇಟ್ಟು, ಹಳೆಯ ಕೊಂಡಿಗಳು ಮುರಿಯದ ಹಾಗೆ ಹೊಂದಿಸಿ, ಪಿಎಚ್‌ಪಿ ಫೈಲುಗಳನ್ನೂ ದತ್ತಸಂಚಯವನ್ನೂ ಮನೆಯ ಪೆನ್‌ಡ್ರೈವಿಗೆ ಸಾಗಿಸಿ ಸರ್ವರಿನಿಂದ ತೆಗೆದುಬಿಡಿ. ಹುಡುಕುವ ಪೆಟ್ಟಿಗೆ, ಸಂಪರ್ಕದ ಫಾರಂ ಕೆಲಸ ಮಾಡುವುದಿಲ್ಲ, ಅಷ್ಟೇ ನಷ್ಟ. ಒಳಗೆ ಓಡುವುದೇ ಏನೂ ಇಲ್ಲವಾದ್ದರಿಂದ ಕಳ್ಳನಿಗೆ ಆ ದಾರಿಯೂ ಇಲ್ಲ, ಮುಂದೆ ಯಾವ ವರ್ಷನ್ ಬಂದರೂ ಆ ಸೈಟ್ ಕೆಡುವುದೂ ಇಲ್ಲ.

ಇದೆಲ್ಲ ಮಾಡಿಸಿಕೊಳ್ಳಲು ನೀವೇ ಎಂಜಿನಿಯರ್ ಆಗಬೇಕಿಲ್ಲ. ಸೈಟ್ ನೋಡಿಕೊಳ್ಳುವವರನ್ನು ಸರಿಯಾಗಿ ಕೇಳಲು ಬಂದರೆ ಸಾಕು. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ, ಸಂಪಾಜೆ ನಡುವಿನ ರಸ್ತೆ ಮುಚ್ಚಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ದಿನ ‘ದಯವಿಟ್ಟು ಬರಬೇಡಿ, ಬುಕಿಂಗ್ ನಿಲ್ಲಿಸಿದ್ದೇವೆ’ ಎಂಬ ಒಂದು ಸಾಲನ್ನು ಸೈಟಿಗೆ ಹಾಕಬೇಕಾದಾಗ ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಹುಡುಕುತ್ತ ಕೂರುವಂತಾಗಬಾರದು. ಆದ್ದರಿಂದ ಈ ವಾರವೇ ಅವರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ನನ್ನ ಖಾತೆಯಲ್ಲಿ ಎಷ್ಟು ಸೈಟ್ ಇವೆ, ಒಂದೊಂದರ ಪಿಎಚ್‌ಪಿ ಎಷ್ಟು? ಇನ್‌ಹೆರಿಟ್ ಎಂದಿರುವುದು ಯಾವುದು? ಈ ಡಿಸೆಂಬರ್ 31ಕ್ಕೆ ಅವಧಿ ಮುಗಿಯುವುದು ಯಾವುದು? ಉತ್ತರವನ್ನು ನೋಟ್ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ಉತ್ತರ ಬರದಿದ್ದರೆ ಹೋಸ್ಟಿಂಗ್ ಕಂಪನಿಗೆ ನೀವೇ ಬರೆದು ಕೇಳಿ. ಹಣ ಕಟ್ಟುವವರು ನೀವು, ಕೇಳುವ ಹಕ್ಕೂ ನಿಮ್ಮದೇ.